ವಿಂಡೋಸ್ 10ರ ಬೆಂಬಲ ಮುಕ್ತಾಯ: ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ ಕುರಿತು ಅರ್ಜಿದಾರರ ಗಮನಕ್ಕೆ

ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಳಿಸಿದೆ. 2015ರ ಜುಲೈ ತಿಂಗಳಿನಲ್ಲಿ ಬಿಡುಗಡೆಯಾದ ಈ ವ್ಯವಸ್ಥೆಯು ಹತ್ತು ವರ್ಷಗಳ ಅವಧಿಯಲ್ಲಿ ಮನೆ, ಶಾಲೆ, ಅಂಗಡಿ, ಸೈಬರ್ ಕೇಂದ್ರಗಳಿಂದ ಹಿಡಿದು ನಾಗರಿಕ ಸೇವಾ ಕೇಂದ್ರಗಳವರೆಗೆ ವ್ಯಾಪಿಸಿದ್ದು, ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರು ಇದನ್ನೇ ಬಳಸುತ್ತಾ ಬಂದಿದ್ದಾರೆ. ಬೆಂಬಲ ನಿಂತ ಮಾತ್ರಕ್ಕೆ ಗಣಕಯಂತ್ರವು ಕೆಲಸ ಮಾಡುವುದನ್ನು ನಿಲ್ಲಿಸುವುದಿಲ್ಲ. ಅಕ್ಟೋಬರ್ 15ರ ಬೆಳಿಗ್ಗೆಯೂ ಅದು ಎಂದಿನಂತೆಯೇ ಚಾಲನೆಗೊಂಡಿತು. ಈ ಕಾರಣದಿಂದಲೇ ವಿಷಯದ ಗಂಭೀರತೆಯು ಬಳಕೆದಾರರ ಗಮನಕ್ಕೆ ಬಾರದೆ ಹೋಗುವ ಸಂಭವವಿದೆ.

ಇದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಸೌಲಭ್ಯ, 4 ಜಿಬಿ ಸ್ಮರಣೆ, 64 ಜಿಬಿ ಸಂಗ್ರಹಣಾ ಸ್ಥಳ ಮತ್ತು ಸ್ಥೂಲವಾಗಿ ಹೇಳುವುದಾದರೆ ಇಂಟೆಲ್ ಸಂಸ್ಥೆಯ ಎಂಟನೆಯ ಪೀಳಿಗೆಯ ಅಥವಾ ನಂತರದ ಸಂಸ್ಕಾರಕವನ್ನು ಅದು ಅಪೇಕ್ಷಿಸುತ್ತದೆ. ಅಂದರೆ 2017ಕ್ಕಿಂತ ಹಿಂದೆ ಖರೀದಿಸಿದ ಬಹುತೇಕ ಯಂತ್ರಗಳು, ಅವು ಎಷ್ಟೇ ಸುಸ್ಥಿತಿಯಲ್ಲಿದ್ದರೂ, ಪಟ್ಟಿಯಿಂದ ಹೊರಗುಳಿಯುತ್ತವೆ. ಜಗತ್ತಿನಾದ್ಯಂತ ಇಂತಹ ಯಂತ್ರಗಳ ಸಂಖ್ಯೆಯನ್ನು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆಯು 24 ಕೋಟಿ ಎಂದೂ, ಅಮೆರಿಕದ ಗ್ರಾಹಕ ಸಂಘಟನೆಯೊಂದು 40 ಕೋಟಿಯವರೆಗೆ ಎಂದೂ ಅಂದಾಜಿಸಿದ್ದವು. ಅಂದಾಜುಗಳ ನಡುವಿನ ಅಂತರ ದೊಡ್ಡದಾದರೂ, ಕೆಳ ಅಂದಾಜೇ ಸಣ್ಣದೇನಲ್ಲ.

ಹೀಗಾಗಿ, ಇದುವರೆಗೆ ತಂತ್ರಜ್ಞರ ನಡುವಿನ ಚರ್ಚೆಯಾಗಿದ್ದ ಒಂದು ಪ್ರಶ್ನೆಯು ಸಾಮಾನ್ಯ ಕುಟುಂಬದ ಮುಂದೆ ಬಂದು ನಿಂತಿದೆ. ಹೊಸ ಯಂತ್ರವನ್ನು ಕೊಳ್ಳಬೇಕೆ, ಹಣ ನೀಡಿ ಬೆಂಬಲವನ್ನು ಮುಂದುವರಿಸಿಕೊಳ್ಳಬೇಕೆ, ಅಥವಾ ಇರುವ ಯಂತ್ರಕ್ಕೇ ಲಿನಕ್ಸ್ ಆಧಾರಿತ ಮುಕ್ತ ವ್ಯವಸ್ಥೆಯೊಂದನ್ನು ಅಳವಡಿಸಿಕೊಳ್ಳಬೇಕೆ? ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಸ್ವಂತ ಗಣಕಯಂತ್ರದಿಂದ ಅರ್ಜಿ ಸಲ್ಲಿಸುವವರಿಗೆ ಈ ನಿರ್ಧಾರವನ್ನು ಕೈಗೊಳ್ಳಲು ನೆರವಾಗುವ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಉಚಿತ ಮತ್ತು ಮುಕ್ತ

ಕಾರ್ಯಾಚರಣ ವ್ಯವಸ್ಥೆ ಎಂಬುದು ಗಣಕಯಂತ್ರದ ಯಂತ್ರಾಂಶಕ್ಕೂ ಬಳಕೆದಾರರು ತೆರೆಯುವ ತಂತ್ರಾಂಶಗಳಿಗೂ ನಡುವೆ ನಿಂತು ಎರಡನ್ನೂ ನಿರ್ವಹಿಸುವ ಮೂಲ ತಂತ್ರಾಂಶವಾಗಿದೆ. ವಿಂಡೋಸ್ ಮತ್ತು ಆಪಲ್ ಸಂಸ್ಥೆಯ ಮ್ಯಾಕ್‌ಓಎಸ್ ಇವು ಸ್ವಾಮ್ಯದ ವ್ಯವಸ್ಥೆಗಳು. ಇವುಗಳ ಆಕರ ಸಂಕೇತವು ಆಯಾ ಸಂಸ್ಥೆಯ ಬಳಿಯೇ ಇರುತ್ತದೆ. ಹಣ ನೀಡಿದ ಬಳಕೆದಾರರಿಗೆ ದೊರೆಯುವುದು ತಂತ್ರಾಂಶದ ಒಡೆತನವಲ್ಲ, ಷರತ್ತಿಗೊಳಪಟ್ಟ ಬಳಕೆಯ ಪರವಾನಗಿ ಮಾತ್ರ. ಯಂತ್ರದೊಂದಿಗೇ ಬಂದ ಪರವಾನಗಿಯು ಸಾಮಾನ್ಯವಾಗಿ ಆ ಯಂತ್ರಕ್ಕಷ್ಟೇ ಸೀಮಿತವಾಗಿರುತ್ತದೆ.

ಮುಕ್ತ ವ್ಯವಸ್ಥೆಗಳ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಹಾಗೂ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಪ್ರಕಟಿಸಿದ ಲಿನಕ್ಸ್ ತಿರುಳು ಇವುಗಳಿಂದ ಬೆಳೆದುಬಂದ ಉಬುಂಟು, ಡೆಬಿಯನ್, ಫೆಡೋರಾ, ಲಿನಕ್ಸ್ ಮಿಂಟ್ ಮುಂತಾದವು ಈ ವರ್ಗಕ್ಕೆ ಸೇರಿವೆ. ತಾವು ಲಿನಕ್ಸನ್ನು ಎಂದೂ ಮುಟ್ಟಿಲ್ಲವೆಂದು ಹೇಳುವ ನಾಗರಿಕರಲ್ಲಿ ಬಹುಪಾಲು ಜನರ ಜೇಬಿನಲ್ಲಿ ಅದು ಇದ್ದೇ ಇದೆ. ಆಂಡ್ರಾಯ್ಡ್ ಮೊಬೈಲ್ ದೂರವಾಣಿಗಳ ತಿರುಳು ಲಿನಕ್ಸ್ ಆಗಿದೆ. ಜಗತ್ತಿನ ಅತಿ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸ್ ಆಧಾರಿತವೇ ಆಗಿವೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಅಗತ್ಯ. ಉಚಿತವಾಗಿ ದೊರೆಯುವುದೆಲ್ಲವೂ ಮುಕ್ತವಲ್ಲ. ಪಿಡಿಎಫ್ ಕಡತಗಳನ್ನು ತೆರೆಯುವ ಅಡೋಬ್ ರೀಡರ್ ಹಣವಿಲ್ಲದೆ ದೊರೆಯುತ್ತದೆ, ಆದರೆ ಅದು ಸ್ವಾಮ್ಯದ ತಂತ್ರಾಂಶ. ಅದೇ ರೀತಿ, ಮುಕ್ತವಾದುದೆಲ್ಲವೂ ವೆಚ್ಚರಹಿತವೂ ಅಲ್ಲ. ಅಳವಡಿಸಿಕೊಡುವವರ ಕೂಲಿ, ಕಲಿಯಲು ತಗಲುವ ಸಮಯ, ಹೊಂದದ ಮುದ್ರಕವನ್ನು ಬದಲಿಸುವ ಖರ್ಚು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಬೆಂಬಲ ನಿಲ್ಲುವುದೆಂದರೆ ಏನು

ಕಾರ್ಯಾಚರಣ ವ್ಯವಸ್ಥೆಯಲ್ಲಿ ಪ್ರತಿ ತಿಂಗಳೂ ಹೊಸ ಭದ್ರತಾ ದೋಷಗಳು ಪತ್ತೆಯಾಗುತ್ತಲೇ ಇರುತ್ತವೆ. ಬೆಂಬಲದ ಅವಧಿಯಲ್ಲಿ ಇವುಗಳಿಗೆ ತಿದ್ದುಪಡಿ ದೊರೆಯುತ್ತದೆ. ಅವಧಿ ಮುಗಿದ ನಂತರ ದೊರೆಯುವುದಿಲ್ಲ. ದೋಷವು ಮಾತ್ರ ಅಲ್ಲಿಯೇ ಉಳಿಯುತ್ತದೆ, ಮತ್ತು ದುರುದ್ದೇಶವುಳ್ಳವರಿಗೆ ಅದರ ವಿವರ ತಿಳಿದಿರುತ್ತದೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಜಮೀನಿನ ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನು ಇರಿಸಿಕೊಂಡಿರುವ ಯಂತ್ರಕ್ಕೆ ಇದು ಕೇವಲ ಸೈದ್ಧಾಂತಿಕ ಅಪಾಯವಲ್ಲ.

2017ರ ಮೇ 12ರಂದು ಹರಡಿದ ವಾನ್ನಾಕ್ರೈ ಎಂಬ ದಾಳಿಯನ್ನು ಇಲ್ಲಿ ಸ್ಮರಿಸಬಹುದು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳ ಕಡತಗಳು ಅದರಿಂದ ಬೀಗ ಹಾಕಲ್ಪಟ್ಟವು; ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಪೂರ್ವನಿಗದಿತ ಚಿಕಿತ್ಸೆಗಳನ್ನೇ ರದ್ದುಪಡಿಸಬೇಕಾಯಿತು. ಈ ಘಟನೆಯನ್ನು ವಿಂಡೋಸ್ ಎಕ್ಸ್‌ಪಿಯಂತಹ ಹಳೆಯ ವ್ಯವಸ್ಥೆಗಳ ತಪ್ಪೆಂದು ಹೇಳುವುದು ರೂಢಿ. ವಾಸ್ತವವಾಗಿ ದಾಳಿಗೆ ಒಳಗಾದ ಯಂತ್ರಗಳ ಪೈಕಿ ಬಹುಪಾಲು ಆಗಿನ್ನೂ ಬೆಂಬಲವಿದ್ದ ವಿಂಡೋಸ್ 7 ಯಂತ್ರಗಳಾಗಿದ್ದವು. ಅವುಗಳಿಗೆ ಬೇಕಾದ ತಿದ್ದುಪಡಿಯು ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿತ್ತು. ಬಳಕೆದಾರರು ಅದನ್ನು ಅಳವಡಿಸಿರಲಿಲ್ಲ. ಆದ್ದರಿಂದ ಬೆಂಬಲವಿರುವ ವ್ಯವಸ್ಥೆಯನ್ನು ಹೊಂದುವುದರ ಜೊತೆಗೆ, ಬರುವ ತಿದ್ದುಪಡಿಗಳನ್ನು ಮುಂದೂಡದೆ ಸ್ವೀಕರಿಸುವುದೂ ಅಷ್ಟೇ ಮುಖ್ಯ.

ಮುಕ್ತ ವ್ಯವಸ್ಥೆಗಳಿಗೆ ಅಪಾಯವೇ ಇಲ್ಲವೆಂಬ ಪ್ರಚಾರವನ್ನೂ ನಂಬತಕ್ಕದ್ದಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಗಂಭೀರ ದೋಷ ಪತ್ತೆಯಾಯಿತು; ಎರಡು ವರ್ಷಗಳಿಂದ ಎಲ್ಲರ ಕಣ್ಣೆದುರೇ ಇದ್ದ ಸಂಕೇತದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಉಪಕರಣದೊಳಗೆ ಯಾರೋ ಉದ್ದೇಶಪೂರ್ವಕವಾಗಿ ಕಳ್ಳಗಿಂಡಿಯನ್ನು ಇರಿಸಿದ್ದು ಬೆಳಕಿಗೆ ಬಂದಿತು. ಸಂಪರ್ಕವು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ, ಕಾರಣವನ್ನು ಹುಡುಕಿ ಹೊರಟು, ಅದನ್ನು ಪತ್ತೆಹಚ್ಚಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು. ಅವರು ಉದ್ಯೋಗದಲ್ಲಿದ್ದುದು ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ಎಂಬುದು, ಎರಡು ಪಾಳೆಯಗಳ ಕಾದಾಟವೆಂದು ಇದನ್ನು ಭಾವಿಸುವವರು ನೆನಪಿನಲ್ಲಿಡಬೇಕಾದ ಸಂಗತಿ. ಆಕರ ಸಂಕೇತ ತೆರೆದಿದ್ದುದರಿಂದಲೇ ಅವರಿಗೆ ಹುಡುಕಾಟ ಸಾಧ್ಯವಾಯಿತು ಎಂಬುದೂ ನಿಜ.

ಅರ್ಜಿದಾರರಿಗೆ ಇನ್ನೂ ನೇರವಾಗಿ ತಟ್ಟುವ ಪರಿಣಾಮವೊಂದಿದೆ. ಕಾರ್ಯಾಚರಣ ವ್ಯವಸ್ಥೆಯ ಬೆಂಬಲ ನಿಂತ ಕೆಲಕಾಲದಲ್ಲಿ ಬ್ರೌಸರ್‌ಗಳೂ ಅದನ್ನು ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು ಮುಗಿಯಿತು. 2023ರ ಆರಂಭದಲ್ಲಿ ಗೂಗಲ್ ಕ್ರೋಮ್ 109ನೆಯ ಆವೃತ್ತಿಯೇ ಆ ವ್ಯವಸ್ಥೆಗೆ ಕೊನೆಯದಾಯಿತು. ಆ ನಂತರ ಸದರಿ ಯಂತ್ರಗಳಲ್ಲಿ ಬ್ಯಾಂಕು ಮತ್ತು ಸರ್ಕಾರಿ ಜಾಲತಾಣಗಳ ಪುಟಗಳು ಒಂದೊಂದಾಗಿ ತೆರೆಯದಾಗುತ್ತಾ ಬರುವುದು ಸಹಜ. ಅರ್ಜಿದಾರರು ಇದನ್ನು ಜಾಲತಾಣದ ದೋಷವೆಂದು ತಿಳಿದು ದೂರು ನೀಡುವುದುಂಟು. ಕೆಲವೊಮ್ಮೆ ದೋಷ ಜಾಲತಾಣದ್ದೇ ಆಗಿರುತ್ತದೆ; ಆ ವಿಷಯಕ್ಕೆ ಮುಂದೆ ಬರಲಾಗುವುದು.

ವಿಂಡೋಸ್ 10ರಲ್ಲಿಯೇ ಮುಂದುವರಿಯಬಯಸುವವರಿಗೆ ಮೈಕ್ರೋಸಾಫ್ಟ್ ಸಂಸ್ಥೆಯು ವಿಸ್ತೃತ ಭದ್ರತಾ ತಿದ್ದುಪಡಿಗಳ ಯೋಜನೆಯೊಂದನ್ನು ಪ್ರಕಟಿಸಿತು. ವೈಯಕ್ತಿಕ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಆಗ ತಿಳಿಸಲಾಗಿದ್ದು, ಅದಕ್ಕಾಗಿ 30 ಡಾಲರ್ ಪಾವತಿಸುವ ಅಥವಾ ಮೈಕ್ರೋಸಾಫ್ಟ್ ಖಾತೆಯ ಮೂಲಕ ಯಂತ್ರದ ಸಿದ್ಧತೆಗಳನ್ನು ಸಂಸ್ಥೆಯ ಸಂಗ್ರಹಕ್ಕೆ ಸೇರಿಸುವ ಆಯ್ಕೆಗಳನ್ನು ನೀಡಲಾಯಿತು. ವಾಣಿಜ್ಯ ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ನಂತರ ಪ್ರತಿ ವರ್ಷ ದುಪ್ಪಟ್ಟು. ಇದು ಪರಿಹಾರವಲ್ಲ, ಕಾಲಾವಕಾಶ. ವಿಂಡೋಸ್ 11 ಹೊಂದದ ಯಂತ್ರಗಳಿಗೆ ಅದನ್ನು ಅಡ್ಡದಾರಿಯಿಂದ ಅಳವಡಿಸಿಕೊಡುವವರು ಪೇಟೆಯಲ್ಲಿ ದೊರೆಯುತ್ತಾರಾದರೂ, ಅಂತಹ ಯಂತ್ರಗಳಿಗೆ ತಿದ್ದುಪಡಿ ನೀಡುವ ಖಾತರಿಯನ್ನು ಸಂಸ್ಥೆಯು ವಹಿಸಿಕೊಂಡಿಲ್ಲ.

ಪರವಾನಗಿ ಇಲ್ಲದ ಪ್ರತಿಗಳ ಬಗ್ಗೆ ಎರಡು ಮಾತು. ಬಿಡಿಭಾಗಗಳನ್ನು ಜೋಡಿಸಿ ಯಂತ್ರವನ್ನು ಮಾರುವ ಕಡೆಗಳಲ್ಲಿ ವಿಂಡೋಸ್ ಪ್ರತಿಯನ್ನು "ಹಾಕಿಕೊಡುವ" ಪದ್ಧತಿ ಇನ್ನೂ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದ ಮೇರೆಗೆ, ಉಲ್ಲಂಘನೆಯ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವುದು ಏಳು ದಿನಗಳಿಂದ ಮೂರು ವರ್ಷಗಳವರೆಗಿನ ಕಾರಾಗೃಹವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗಿನ ದಂಡನೆಗೆ ಗುರಿಯಾಗಬಹುದಾದ ಅಪರಾಧ. ಲಾಭದ ಉದ್ದೇಶವಿಲ್ಲದ ಬಳಕೆಗೆ ನ್ಯಾಯಾಲಯವು ಕಾರಾಗೃಹವಾಸವನ್ನು ಕೈಬಿಡಬಹುದು. ಕಾನೂನಿನ ಭಯಕ್ಕಿಂತಲೂ ಹತ್ತಿರದ ಅಪಾಯವೆಂದರೆ, ಇಂತಹ ಪ್ರತಿಗಳನ್ನು ಸಕ್ರಿಯಗೊಳಿಸಲು ಬಳಸುವ ಕಳ್ಳ ಉಪಕರಣಗಳೇ ಅನೇಕ ವೇಳೆ ಕುತಂತ್ರಾಂಶವನ್ನು ಯಂತ್ರದೊಳಕ್ಕೆ ತರುತ್ತವೆ.

ಸೇವೆಗಳಿಗೆ ಅರ್ಜಿ ಸಲ್ಲಿಸಲು ಯಾವುದು ಸಾಕು

ಬ್ರೌಸರ್‌ನಲ್ಲಿ ತೆರೆಯುವ ಸೇವೆಗಳಿಗೆ ಕಾರ್ಯಾಚರಣ ವ್ಯವಸ್ಥೆ ಯಾವುದೆಂಬುದು ಮುಖ್ಯವಲ್ಲ. ಮೊಬೈಲಿಗೆ ಬರುವ ಒಟಿಪಿ ಮೂಲಕ ಪ್ರವೇಶಿಸಿ, ವಿವರ ತುಂಬಿ, ದಾಖಲೆಗಳನ್ನು ಪಿಡಿಎಫ್ ರೂಪದಲ್ಲಿ ಲಗತ್ತಿಸಿ, ಶುಲ್ಕ ಪಾವತಿಸುವ ಅರ್ಜಿಗೆ ಲಿನಕ್ಸ್ ಯಂತ್ರದಲ್ಲಿರುವ ಫೈರ್‌ಫಾಕ್ಸ್ ಅಥವಾ ಕ್ರೋಮಿಯಂ ಸಾಕಾಗುತ್ತದೆ. 2015ರಲ್ಲಿ ಆರಂಭವಾದ ಡಿಜಿಲಾಕರ್ ಸಹ ಈ ಬಗೆಯದು. ಅದೇ ವರ್ಷ ಜಾರಿಗೆ ಬಂದ ಆಧಾರ್ ಆಧಾರಿತ ಇ-ಸಹಿಯು ಒಟಿಪಿ ಮೂಲಕವೇ ನಡೆಯುವುದರಿಂದ ಅದಕ್ಕೂ ಪ್ರತ್ಯೇಕ ಸಾಧನ ಬೇಕಿಲ್ಲ.

ತೊಡಕು ಬರುವುದು ಯಂತ್ರಕ್ಕೆ ಯಾವುದಾದರೂ ಸಾಧನವನ್ನು ಜೋಡಿಸಬೇಕಾದಾಗ. ಡಿಜಿಟಲ್ ಸಹಿ ಪ್ರಮಾಣಪತ್ರವನ್ನು ಒಳಗೊಂಡ ಯುಎಸ್‌ಬಿ ಟೋಕನ್‌ಗಳಿಗೆ ಚಾಲಕ ತಂತ್ರಾಂಶವನ್ನು ತಯಾರಕರು ಮೊದಲು ವಿಂಡೋಸ್‌ಗಾಗಿ ಸಿದ್ಧಪಡಿಸುತ್ತಾರೆ. ಕೆಲವು ಟೋಕನ್‌ಗಳಿಗೆ ಲಿನಕ್ಸ್ ಚಾಲಕಗಳು ಲಭ್ಯವಿವೆ, ಆದರೆ ಅಳವಡಿಕೆಯ ವಿಧಾನ ಸುಲಭವಲ್ಲ. ಬೆರಳಚ್ಚು ಸಾಧನಗಳ ಸ್ಥಿತಿ ಇನ್ನೂ ಕಠಿಣ. ಆಧಾರ್ ದೃಢೀಕರಣಕ್ಕೆ ನೋಂದಾಯಿತ ಸಾಧನಗಳನ್ನೇ ಬಳಸಬೇಕೆಂಬ ನಿಯಮವು 2017ರಿಂದ ಜಾರಿಯಾಗಿದ್ದು, ಅವುಗಳ ಸೇವಾ ತಂತ್ರಾಂಶವನ್ನು ತಯಾರಕರು ಪ್ರಧಾನವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗಾಗಿ ಒದಗಿಸುತ್ತಾರೆ. ಮನೆಯಿಂದ ಅರ್ಜಿ ಸಲ್ಲಿಸುವವರಿಗೆ ಇದರ ಅಗತ್ಯ ಬೀಳುವುದು ಅಪರೂಪ. ಆದರೆ ಸೇವಾ ಕೇಂದ್ರವನ್ನು ನಡೆಸುವವರಿಗೆ ಇದು ಜೀವನೋಪಾಯದ ಪ್ರಶ್ನೆ. ಒಂದು ದಿನ ಸಾಧನ ಕೆಲಸ ಮಾಡದಿದ್ದರೆ ದೂರದ ಹಳ್ಳಿಯಿಂದ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಅಂತಹವರು ಸದ್ಯಕ್ಕೆ ಬೆಂಬಲವಿರುವ ವಿಂಡೋಸ್ ಯಂತ್ರವೊಂದನ್ನು ಇಟ್ಟುಕೊಳ್ಳುವುದೇ ವಿವೇಕ. ಟ್ಯಾಲಿ ತಂತ್ರಾಂಶದಲ್ಲಿ ಲೆಕ್ಕ ಇಡುವ ವರ್ತಕರಿಗೂ, ವಿಂಡೋಸ್‌ಗಾಗಿಯೇ ರೂಪಿಸಲಾದ ಜಿಎಸ್‌ಟಿ ಆಫ್‌ಲೈನ್ ಉಪಕರಣವನ್ನು ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇದು ಅರ್ಜಿದಾರರ ಆಯ್ಕೆಯ ಪ್ರಶ್ನೆಯಷ್ಟೇ ಅಲ್ಲವೆಂಬುದನ್ನು ದಕ್ಷಿಣ ಕೊರಿಯಾದ ಅನುಭವ ತೋರಿಸುತ್ತದೆ. ಅಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಬ್ಯಾಂಕು ಹಾಗೂ ಸರ್ಕಾರಿ ಸೇವೆಗಳ ಭದ್ರತೆಗಾಗಿ ರೂಪಿಸಿದ ವ್ಯವಸ್ಥೆಯು ಆಕ್ಟಿವ್‌ಎಕ್ಸ್ ಎಂಬ ತಂತ್ರಜ್ಞಾನವನ್ನು ಅವಲಂಬಿಸಿತ್ತು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ, ಅಂದರೆ ವಿಂಡೋಸ್‌ನಲ್ಲಿ ಮಾತ್ರ, ಕೆಲಸ ಮಾಡುತ್ತಿತ್ತು. ಯಾವುದೇ ಕಾನೂನು ಹೇಳದಿದ್ದರೂ, ತೆರಿಗೆ ಕಟ್ಟುವ ನಾಗರಿಕರು ನಿರ್ದಿಷ್ಟ ಕಂಪನಿಯೊಂದರ ಉತ್ಪನ್ನವನ್ನು ಹೊಂದಿರಲೇಬೇಕಾದ ಸ್ಥಿತಿ ಉಂಟಾಯಿತು. ಆ ಪ್ರಮಾಣಪತ್ರ ಪದ್ಧತಿಗಿದ್ದ ವಿಶೇಷ ಕಾನೂನು ಮಾನ್ಯತೆಯನ್ನು ತೆಗೆದುಹಾಕಲು 2020ರ ಡಿಸೆಂಬರ್‌ವರೆಗೆ, ಎಂದರೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ಸ್ವತಃ ಅದರ ತಯಾರಕರೇ 2022ರ ಜೂನ್‌ನಲ್ಲಿ ನಿವೃತ್ತಿಗೊಳಿಸಿದರು.

ನಮ್ಮಲ್ಲಿಯೂ ಜಾಲತಾಣಗಳ ಅಡಿಯಲ್ಲಿ ಇಂತಹ ಬ್ರೌಸರ್‌ನ ಇಂತಹ ಆವೃತ್ತಿಯಲ್ಲಿ, 800×600 ಅಳತೆಯ ಪರದೆಯಲ್ಲಿ ವೀಕ್ಷಿಸಬೇಕೆಂಬ ಸೂಚನೆ ಇರುತ್ತಿದ್ದುದನ್ನು ಹಿರಿಯ ಬಳಕೆದಾರರು ಬಲ್ಲರು. ಭಾರತ ಸರ್ಕಾರದ ಜಾಲತಾಣಗಳಿಗೆ ಸಂಬಂಧಿಸಿದ ಮಾರ್ಗಸೂಚಿಗಳು 2009ರಲ್ಲಿ ಪ್ರಕಟವಾಗಿ, 2018 ಮತ್ತು 2023ರಲ್ಲಿ ಪರಿಷ್ಕರಣೆಗೊಂಡಿವೆ; ವಿವಿಧ ಬ್ರೌಸರ್ ಹಾಗೂ ಸಾಧನಗಳಲ್ಲಿ ಪುಟಗಳು ತೆರೆಯಬೇಕೆಂಬುದು ಅವುಗಳ ಆಶಯ. ಸೇವೆಯೊಂದು ಒಂದೇ ಕಂಪನಿಯ ತಂತ್ರಾಂಶದಲ್ಲಿ ಮಾತ್ರ ದೊರೆಯುವುದಾದರೆ ಅದು ಅರ್ಜಿದಾರರ ಮೇಲೆ ಹೇರಿದ ಅಘೋಷಿತ ಶುಲ್ಕವೆಂದೇ ಪರಿಗಣಿಸಬೇಕಾಗುತ್ತದೆ. ಅಂತಹ ಸಂದರ್ಭವನ್ನು ಸಂಬಂಧಪಟ್ಟ ಕಚೇರಿಯ ಗಮನಕ್ಕೆ ಲಿಖಿತವಾಗಿ ತರುವುದು ಅರ್ಜಿದಾರರ ಹಕ್ಕು.

ಕನ್ನಡದ ಅಕ್ಷರಗಳು

ಆಯ್ಕೆಯ ಪ್ರಶ್ನೆಯಲ್ಲಿ ನಮ್ಮ ನಾಡಿನ ಬಳಕೆದಾರರಿಗೆ ವಿಶೇಷವಾಗಿ ಸಂಬಂಧಿಸಿದ ಅಂಶ ಇದು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಅಕ್ಷರ ವಿನ್ಯಾಸದೊಂದಿಗೆ ಕನ್ನಡಕ್ಕೆ ಯೂನಿಕೋಡ್ ಬೆಂಬಲವನ್ನು ತಂದಿತಾದರೂ, ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಅಳವಡಿಕೆಯ ಸಿಡಿಯಿಂದ ಪ್ರತ್ಯೇಕವಾಗಿ ಸೇರಿಸಬೇಕಿತ್ತು. ಸಿಡಿ ಇಲ್ಲದವರ ಪರದೆಯ ಮೇಲೆ ಕನ್ನಡದ ಬದಲು ಸಾಲು ಸಾಲು ಚೌಕಗಳು ಕಾಣುತ್ತಿದ್ದವು. ಆದ್ದರಿಂದ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಮುಂತಾದ ತಂತ್ರಾಂಶಗಳೇ ಕನ್ನಡದ ಆಧಾರವಾದವು. ಅವು ಮಾಡಿದ ಉಪಕಾರ ದೊಡ್ಡದು. ಆದರೆ ಆ ಕಾಲದ ಅಕ್ಷರ ವಿನ್ಯಾಸಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುವ ವಿಧಾನವನ್ನು ಅನುಸರಿಸಿದ್ದರಿಂದ, ಅದೇ ಅಕ್ಷರ ವಿನ್ಯಾಸ ಇಲ್ಲದ ಯಂತ್ರದಲ್ಲಿ ಆ ಕಡತವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆಯುತ್ತದೆ.

ಹತ್ತು ಹದಿನೈದು ವರ್ಷಗಳ ಹಿಂದೆ ಬೆರಳಚ್ಚು ಮಾಡಿಸಿದ ಅರ್ಜಿ, ವಂಶವೃಕ್ಷ, ವಿಭಾಗಪತ್ರಗಳ ಕಡತಗಳನ್ನು ಇಟ್ಟುಕೊಂಡಿರುವವರು ಲಿನಕ್ಸ್‌ಗೆ ಬದಲಾಗುವ ಮುನ್ನ ಅವುಗಳನ್ನು ಹಳೆಯ ಯಂತ್ರದಲ್ಲಿಯೇ ತೆರೆದು ಪಿಡಿಎಫ್ ಪ್ರತಿ ಮಾಡಿಟ್ಟುಕೊಳ್ಳುವುದು ಒಳಿತು. ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ದೊರೆಯುತ್ತವೆ. ಪರಿವರ್ತನೆಯ ನಂತರ ಅರ್ಕಾವೊತ್ತು ಇರುವ ಪದಗಳನ್ನು ವಿಶೇಷವಾಗಿ ಪರಿಶೀಲಿಸತಕ್ಕದ್ದು. ಹಳೆಯ ವಿಧಾನದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರವೂ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಅಕ್ಷರದ ಮೊದಲೂ ದಾಖಲಾಗುವುದರಿಂದ ತಪ್ಪುಗಳು ನುಸುಳುವುದು ಅಲ್ಲಿಯೇ ಹೆಚ್ಚು. ಮೂರ್ತಿ, ಪಾರ್ವತಿ, ಶರ್ಮ ಎಂಬಂತಹ ಹೆಸರುಗಳಲ್ಲಿ ಒಂದು ಅಕ್ಷರ ಸ್ಥಾನಪಲ್ಲಟವಾದರೂ ದಾಖಲೆಗಳ ನಡುವೆ ಹೆಸರಿನ ವ್ಯತ್ಯಾಸವೆಂಬ ಆಕ್ಷೇಪಣೆಗೆ ಎಡೆಯಾಗಬಹುದು.

ಹೊಸದಾಗಿ ಬರೆಯುವವರಿಗೆ ಲಿನಕ್ಸ್‌ನಲ್ಲಿ ಕೊರತೆಯೇನಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿಯಲ್ಲಿ ರೂಢಿಯಾಗಿರುವ ಕೀಲಿಮಣೆಯು ಕಗಪ ಎಂಬ ಹೆಸರಿನಲ್ಲಿ ಲಿನಕ್ಸ್ ವ್ಯವಸ್ಥೆಗಳಲ್ಲಿಯೇ ಅಂತರ್ಗತವಾಗಿದೆ. ಇನ್‌ಸ್ಕ್ರಿಪ್ಟ್ ಸಹ ಇದೆ. ಲೋಹಿತ್, ಗುಬ್ಬಿ, ನವಿಲು, ನೋಟೊ ಮುಂತಾದ ಮುಕ್ತ ಅಕ್ಷರ ವಿನ್ಯಾಸಗಳನ್ನು ಹಂಚಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ. ಕನ್ನಡದಲ್ಲಿಯೇ ಪಟ್ಟಿಗಳನ್ನೂ ಸೂಚನೆಗಳನ್ನೂ ತೋರಿಸುವ ಸೌಲಭ್ಯವು ಸ್ವಯಂಸೇವಕರ ಅನುವಾದದಿಂದ ಬಂದಿದ್ದು, ಅದರ ಗುಣಮಟ್ಟ ಎಲ್ಲ ಕಡೆ ಒಂದೇ ಸಮನಾಗಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಬದಲಾದ ಅಕ್ಷರ ವಿನ್ಯಾಸದಿಂದ ಪುಟಗಳ ಸಂಖ್ಯೆ ಹಾಗೂ ಸಾಲುಗಳ ಜೋಡಣೆ ವ್ಯತ್ಯಾಸವಾಗುವ ಕಾರಣ, ಅರ್ಜಿಗೆ ಲಗತ್ತಿಸುವ ಪ್ರತಿಯನ್ನು ಯಾವಾಗಲೂ ಪಿಡಿಎಫ್ ರೂಪದಲ್ಲಿಯೇ ಸಲ್ಲಿಸುವುದು.

ರಾಜ್ಯದ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಗಣಕೀಕರಿಸಿದ ಕಾಲದಲ್ಲಿ ಬಳಕೆಯಲ್ಲಿದ್ದ ವಿಂಡೋಸ್ ಆವೃತ್ತಿಗಳ ಪೈಕಿ ಯಾವುದಕ್ಕೂ ಇಂದು ಬೆಂಬಲವಿಲ್ಲ. ರೈತರ ಹೆಸರು, ಸರ್ವೆ ನಂಬರು, ಹಿಡುವಳಿಯ ವಿಸ್ತೀರ್ಣ ಮಾತ್ರ ಮುಂದಿನ ಪೀಳಿಗೆಗೂ ಓದಲು ಸಿಗಬೇಕು. ದಾಖಲೆಯನ್ನು ಯಾವ ನಮೂನೆಯಲ್ಲಿ ಇಡಲಾಗಿದೆ ಎಂಬ ಪ್ರಶ್ನೆಯು ಯಾವ ಯಂತ್ರದಲ್ಲಿ ತೆರೆಯಲಾಗುತ್ತದೆ ಎಂಬುದಕ್ಕಿಂತ ಹಿರಿದಾಗುವುದು ಈ ಕಾರಣಕ್ಕೆ. ಕೇಂದ್ರ ಸರ್ಕಾರವು 2010ರಲ್ಲಿ ಇ-ಆಡಳಿತದ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿದ್ದುದರ ಹಿನ್ನೆಲೆಯೂ ಇದೇ. ಅದಕ್ಕೂ ಮೊದಲೇ, 2007 ಮತ್ತು 2008ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಕಡತ ನಮೂನೆಯು ಅಂತಾರಾಷ್ಟ್ರೀಯ ಮಾನಕವಾಗುವ ಪ್ರಸ್ತಾವ ಬಂದಾಗ ಭಾರತವು ಅದರ ವಿರುದ್ಧ ಮತ ನೀಡಿತ್ತು. ಪ್ರಸ್ತಾವವು ಅಂಗೀಕಾರಗೊಂಡಿತು ಎಂಬುದು ಬೇರೆ ಮಾತು.

ಸರ್ಕಾರಗಳ ಅನುಭವ

2015ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ನೀತಿಯಂತೆ, ಇ-ಆಡಳಿತ ಯೋಜನೆಗಳ ಟೆಂಡರ್‌ಗಳಲ್ಲಿ ಮುಕ್ತ ತಂತ್ರಾಂಶವನ್ನೂ ಪರಿಗಣಿಸುವುದು ಹಾಗೂ ಅದನ್ನು ಕೈಬಿಟ್ಟಲ್ಲಿ ಕಾರಣ ನೀಡುವುದು ಅಗತ್ಯ. ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ಬಾಸ್ ಎಂಬ ಭಾರತೀಯ ವ್ಯವಸ್ಥೆಯನ್ನು 2007ರಿಂದ ಬಿಡುಗಡೆ ಮಾಡುತ್ತಾ ಬಂದಿದೆ. ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರಲ್ಲಿ ಮುಗಿದಾಗ ತಮಿಳುನಾಡು ಸರ್ಕಾರವು ತನ್ನ ಇಲಾಖೆಗಳಿಗೆ ಇದನ್ನು ಅಳವಡಿಸಿಕೊಳ್ಳಲು ಸೂಚಿಸಿತ್ತು. ಇಷ್ಟಾದರೂ ಕಚೇರಿಗಳ ಮೇಜಿನ ಮೇಲೆ ವಿಂಡೋಸ್ ಯಂತ್ರವೇ ಸಾಮಾನ್ಯ ದೃಶ್ಯವಾಗಿ ಉಳಿದಿದೆ ಎಂಬುದನ್ನು ಮರೆಮಾಚುವ ಅಗತ್ಯವಿಲ್ಲ.

ಯಶಸ್ಸಿನ ನಿದರ್ಶನ ನೆರೆಯ ಕೇರಳದಲ್ಲಿದೆ. ಅಲ್ಲಿನ ಶಾಲಾ ಶಿಕ್ಷಣದಲ್ಲಿ ಐಟಿ@ಸ್ಕೂಲ್ ಯೋಜನೆಯ ಕಾಲದಿಂದ ಲಿನಕ್ಸ್ ಬಳಕೆಯಲ್ಲಿದೆ. ಅದರ ಉತ್ತರಾಧಿಕಾರಿಯಾದ ಕೈಟ್ ಸಂಸ್ಥೆಯು 2019ರಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಗಣಕಯಂತ್ರಗಳಲ್ಲಿ ಮುಕ್ತ ತಂತ್ರಾಂಶವನ್ನು ಬಳಸುವುದರಿಂದ 3,000 ಕೋಟಿ ರೂಪಾಯಿ ಉಳಿತಾಯವಾಗುತ್ತದೆಂದು ಹೇಳಿಕೊಂಡಿತ್ತು. ಉಳಿತಾಯದ ಲೆಕ್ಕವನ್ನು ಸ್ವತಃ ಯೋಜನೆಯವರೇ ಹಾಕಿದ್ದು ಎಂಬುದನ್ನು ಗಮನದಲ್ಲಿಟ್ಟರೂ, ಅಲ್ಲಿನ ಗೆಲುವಿನ ಕಾರಣ ಸ್ಪಷ್ಟ: ಶಿಕ್ಷಕರಿಗೆ ತರಬೇತಿ, ಪಠ್ಯಕ್ಕೆ ಹೊಂದುವ ಸ್ವಂತ ಆವೃತ್ತಿ, ಮಲಯಾಳಂ ಅಕ್ಷರಗಳು, ಕೆಟ್ಟಾಗ ಕೇಳಲು ಒಬ್ಬರು.

ಜರ್ಮನಿಯ ಮ್ಯೂನಿಕ್ ನಗರಾಡಳಿತವು 2003ರಲ್ಲಿ ಲಿನಕ್ಸ್‌ಗೆ ಬದಲಾಗಲು ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳನ್ನು ಬದಲಿಸಿತ್ತು. 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಣಯಿಸಿತು. 2020ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಕೂಟವು ಸಾಧ್ಯವಿದ್ದಲ್ಲೆಲ್ಲ ಮುಕ್ತ ತಂತ್ರಾಂಶವೆಂದು ಮತ್ತೆ ಘೋಷಿಸಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು 2024ರಲ್ಲಿ ತನ್ನ 30,000 ಯಂತ್ರಗಳಿಗೆ ಬೇರೆ ಕ್ರಮವನ್ನು ಆರಿಸಿಕೊಂಡಿತು. ಮೊದಲು ಕಚೇರಿ ತಂತ್ರಾಂಶವಾಗಿ ಲಿಬ್ರೆಆಫೀಸ್, ನಂತರ ಮಿಂಚಂಚೆ, ಕಾರ್ಯಾಚರಣ ವ್ಯವಸ್ಥೆ ಆಮೇಲೆ. ಈ ಕ್ರಮವು ಗೃಹ ಬಳಕೆದಾರರಿಗೂ ಅನುಕರಣೀಯ. ವಿಂಡೋಸ್‌ನಲ್ಲಿರುವಾಗಲೇ ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್ ಬಳಸಿ ಅಭ್ಯಾಸವಾದವರಿಗೆ ಲಿನಕ್ಸ್‌ಗೆ ಬದಲಾದಾಗ ಹೊಸದೆನಿಸುವುದು ಅಲ್ಪವೇ.

ಬದಲಾಗುವ ಮುನ್ನ

ಲಿನಕ್ಸನ್ನು ಅಳವಡಿಸದೆಯೇ ಪರೀಕ್ಷಿಸಿ ನೋಡಲು ಅವಕಾಶವಿದೆ. ಉಬುಂಟು ಅಥವಾ ಲಿನಕ್ಸ್ ಮಿಂಟ್ ಆವೃತ್ತಿಯನ್ನು 8 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಯಂತ್ರವನ್ನು ಚಾಲನೆಗೊಳಿಸಿದರೆ ಯಂತ್ರದ ಡಿಸ್ಕಿನಲ್ಲಿರುವ ವಿಂಡೋಸ್‌ಗೆ ಯಾವ ಬದಲಾವಣೆಯೂ ಆಗುವುದಿಲ್ಲ. ಹೀಗೆ ಚಾಲನೆಗೊಳಿಸಿದ ನಂತರ ವೈಫೈ ಸಂಪರ್ಕ, ಮುದ್ರಕ, ಸ್ಕ್ಯಾನರ್, ಕನ್ನಡ ಕೀಲಿಮಣೆ ಇವುಗಳನ್ನು ಪರಿಶೀಲಿಸಿ, ತಾವು ಸಾಮಾನ್ಯವಾಗಿ ಬಳಸುವ ಸೇವಾ ಜಾಲತಾಣವನ್ನು ತೆರೆದು ನೋಡುವುದು. ಅತಿ ಹಳೆಯ 32-ಬಿಟ್ ಯಂತ್ರಗಳಿಗೆ ಮುಕ್ತ ವ್ಯವಸ್ಥೆಗಳ ಆಯ್ಕೆಯೂ ಕ್ಷೀಣಿಸುತ್ತಿದೆ. 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13 ಅಂತಹ ಯಂತ್ರಗಳಿಗೆ ಅಳವಡಿಕೆಯ ಪ್ರತಿಯನ್ನು ನೀಡಿಲ್ಲ. ಮುಕ್ತ ವ್ಯವಸ್ಥೆಗಳಿಗೂ ಬೆಂಬಲದ ಅವಧಿ ಇದ್ದೇ ಇರುತ್ತದೆ: ಉಬುಂಟು 24.04 ಆವೃತ್ತಿಯ ಸಾಮಾನ್ಯ ಬೆಂಬಲ 2029ರವರೆಗೆ. ವ್ಯತ್ಯಾಸವೆಂದರೆ, ಅವಧಿ ಮುಗಿದಾಗ ಮುಂದಿನ ಆವೃತ್ತಿಗೆ ಹಣ ನೀಡಬೇಕಾಗಿಲ್ಲ. ಅಳವಡಿಕೆಯ ವೇಳೆ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒತ್ತಿದಲ್ಲಿ ಕಡತಗಳು ಮರಳಿ ದೊರೆಯುವುದಿಲ್ಲವಾದ್ದರಿಂದ, ಎಲ್ಲ ಕಡತಗಳ ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ತೆಗೆದಿರಿಸಿಕೊಳ್ಳತಕ್ಕದ್ದು.

ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕ ಸಮೀಪಿಸಿರುವಾಗ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸುವ ಸಾಹಸಕ್ಕೆ ಕೈಹಾಕದಿರುವುದು ಲೇಸು. 2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮದ, ಅಂದರೆ ಸಕಾಲದ, ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಸ್ವೀಕೃತಿ ಸಂಖ್ಯೆ ದೊರೆತ ಅರ್ಜಿಗೆ ಮಾತ್ರ ಕಾಲಮಿತಿ ಅನ್ವಯಿಸುತ್ತದೆ. ಅರ್ಧ ತುಂಬಿದ, ಅಥವಾ ದಾಖಲೆ ಲಗತ್ತಾಗದೆ ನಿಂತುಹೋದ ನಮೂನೆಗೆ ಸ್ವೀಕೃತಿ ಸಂಖ್ಯೆ ಇರುವುದಿಲ್ಲ. ಪುಟವು ತೆರೆಯದಿದ್ದಲ್ಲಿ ಪರದೆಯ ಚಿತ್ರ, ದಿನಾಂಕ ಮತ್ತು ಸಮಯ, ಬ್ರೌಸರ್ ಹಾಗೂ ಕಾರ್ಯಾಚರಣ ವ್ಯವಸ್ಥೆಯ ಆವೃತ್ತಿಯನ್ನು ಗುರುತು ಮಾಡಿಟ್ಟುಕೊಂಡು, ಅದೇ ಅರ್ಜಿಯನ್ನು ಮೊಬೈಲ್ ಬ್ರೌಸರ್‌ನಲ್ಲಿ ಒಮ್ಮೆ ಪ್ರಯತ್ನಿಸಬಹುದು. ಆಗಲೂ ಸಾಧ್ಯವಾಗದಿದ್ದಲ್ಲಿ ಮೂಲ ದಾಖಲೆಗಳೊಂದಿಗೆ ಸಮೀಪದ ನಾಡಕಚೇರಿ, ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಖುದ್ದಾಗಿ ಹಾಜರಾಗಿ ಅರ್ಜಿ ಸಲ್ಲಿಸಿ, ಸ್ವೀಕೃತಿಯನ್ನು ಪಡೆದುಕೊಳ್ಳುವುದು.